ಎರಡು ಸಲ ಬಂದು ನಿಂತುಬಿಡುವ ಕುಟುಂಬಗಳು: ನೊಂದ ಮಕ್ಕಳನ್ನೂ ಮನೆಯವರನ್ನೂ ಥೆರಪಿಯಲ್ಲಿ ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ದೌರ್ಜನ್ಯಕ್ಕೆ ಒಳಗಾದ ಮಕ್ಕಳ ಜೊತೆ ಕೆಲಸ ಮಾಡುವ ಕೌನ್ಸೆಲರ್ ನಾನು. ನಮ್ಮಲ್ಲಿಗೆ ಬರುವ ಎಷ್ಟೋ ಕುಟುಂಬಗಳು ಎರಡು ಮೂರು ಸಲ ಬಂದು ನಿಂತುಬಿಡುತ್ತವೆ. ಫೋನ್ ಮಾಡಿದರೆ ಎತ್ತುವುದಿಲ್ಲ. ಎತ್ತಿದರೂ "ಮಗು ಈಗ ಚೆನ್ನಾಗಿದೆ ಮೇಡಂ, ಎಲ್ಲಾ ಮರೆತಿದೆ, ಮತ್ತೆ ಕೆದಕೋದು ಬೇಡ" ಅನ್ನುತ್ತಾರೆ. ಬಂದ ಮಕ್ಕಳೂ ಬಾಯಿ ಬಿಡುವುದಿಲ್ಲ. ಕೆಲವು ಕೇಸುಗಳಲ್ಲಿ ಹೊಡೆದ ಅಪ್ಪನೋ ಅಮ್ಮನೋ ಕೋರ್ಟ್ ಹೇಳಿದ್ದಕ್ಕೆ ಬಂದು ಕೂತಿರುತ್ತಾರೆ, ಅಷ್ಟೇ. ಒತ್ತಾಯ ಮಾಡಬೇಕೋ, ಬಿಟ್ಟುಬಿಡಬೇಕೋ ಗೊತ್ತಾಗುತ್ತಿಲ್ಲ.

ಉತ್ತರ: ಎರಡೂ ಬೇಡ. ಒತ್ತಾಯ ಮಾಡಿದರೆ ಇನ್ನೊಂದು ಸಲ ಬರುತ್ತಾರೆ, ಆಮೇಲೆ ಕಾಣೆಯಾಗುತ್ತಾರೆ. ಬಿಟ್ಟುಬಿಟ್ಟರೆ, ಯಾರಿಗೆ ಹೆಚ್ಚು ಬೇಕಿತ್ತೋ ಆ ಮಕ್ಕಳೇ ಮೊದಲು ಕೈತಪ್ಪುತ್ತಾರೆ.

ನನ್ನ ಪ್ರಕಾರ ಈ ಕೆಲಸದಲ್ಲಿ ಬಾರದೇ ಇರುವುದು ಕೂಡ ಒಂದು ಲಕ್ಷಣ. ಪಿಟಿಎಸ್‌ಡಿಯನ್ನು (ಆಘಾತದ ನಂತರ ಉಳಿದುಬಿಡುವ ಮಾನಸಿಕ ತೊಂದರೆಯನ್ನು) ಗುರುತಿಸಲು ನೋಡುವ ಲಕ್ಷಣಗಳ ನಾಲ್ಕು ಗುಂಪುಗಳಲ್ಲಿ ಒಂದು ಪೂರ್ತಿ ಗುಂಪು ತಪ್ಪಿಸಿಕೊಳ್ಳುವುದರ ಬಗ್ಗೆಯೇ ಇದೆ. ನಡೆದದ್ದನ್ನು ನೆನಪಿಸುವ ಜಾಗ, ಜನ, ಮಾತು ಎಲ್ಲದರಿಂದಲೂ ದೂರ ಉಳಿಯುವುದು. ಆ ಮಗುವಿನ ಪಾಲಿಗೆ ನಿಮ್ಮ ಕೋಣೆಯೇ ಅಂಥ ಒಂದು ಜಾಗ. ನಿಮ್ಮ ಮುಖ ಕಂಡರೆ ಅದೆಲ್ಲ ನೆನಪಾಗುತ್ತದೆ. ಹಾಗಿರುವಾಗ ಸೆಷನ್ ಇರುವ ಬುಧವಾರ ಬಂತು ಅಂದರೆ ಹೊಟ್ಟೆನೋವು ಶುರುವಾಗುವುದು ಸಹಜ ಅಲ್ವಾ? ತಾಯಿಗೂ ಅಷ್ಟೇ. ಕೆಲವರು ತಮ್ಮ ಬಾಲ್ಯದಲ್ಲಿ ಇದನ್ನೇ ಅನುಭವಿಸಿರುತ್ತಾರೆ, ಯಾರಿಗೂ ಹೇಳಿರುವುದಿಲ್ಲ. ಮಗಳಿಗೆ ಕೇಳುವ ಒಂದೊಂದು ಪ್ರಶ್ನೆಯೂ ಅವರಿಗೇ ಕೇಳಿದ ಹಾಗಿರುತ್ತದೆ. ಹೀಗೆ ನೋಡಿದರೆ ಕುಟುಂಬವನ್ನು ಉಳಿಸಿಕೊಳ್ಳುವುದು ಚಿಕಿತ್ಸೆಗೆ ಮುಂಚಿನ ತಯಾರಿ ಆಗುವುದಿಲ್ಲ. ಚಿಕಿತ್ಸೆಯ ಮೊದಲ ಭಾಗವೇ ಅದು. ಅದಕ್ಕೂ ಯೋಜನೆ ಬೇಕು, ಸಮಯ ಬೇಕು, ಫೈಲಿನಲ್ಲಿ ಜಾಗ ಬೇಕು.

"ಮರೆತಿದೆ, ಕೆದಕೋದು ಬೇಡ" ಅನ್ನುವ ಮಾತಿಗೆ ಬರೋಣ. ಇದನ್ನು ಕೇಳಿದ ಕೂಡಲೇ ವಾದಕ್ಕೆ ಇಳಿಯಬೇಡಿ. ಆ ತಾಯಿ ಹೇಳುವುದು ಪೂರ್ತಿ ಸುಳ್ಳಲ್ಲದಿರಬಹುದು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಕ್ಕಳ ಬಗೆಗಿನ 45 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಒಂದು ವಿಮರ್ಶೆ 1993ರಲ್ಲಿ ಬಂತು. ಕೆಂಡಲ್-ಟ್ಯಾಕೆಟ್, ವಿಲಿಯಮ್ಸ್ ಮತ್ತು ಫಿಂಕೆಲ್‌ಹಾರ್ ಮಾಡಿದ್ದು. ಸುಮಾರು ಮೂರರಲ್ಲಿ ಒಂದು ಪಾಲು ಮಕ್ಕಳಲ್ಲಿ ಅಳೆಯಬಹುದಾದ ಲಕ್ಷಣಗಳೇ ಕಂಡಿರಲಿಲ್ಲ. ಆದರೆ ನಿಮ್ಮ ಮುಂದೆ ಕೂತ ಮಗು ಆ ಪಾಲಿಗೆ ಸೇರಿದ್ದಾ ಅಂತ ಕಣ್ಣಳತೆಯಲ್ಲಿ ಹೇಳುವುದಕ್ಕೆ ಆಗುವುದಿಲ್ಲ. ತಾಯಿಯ ಕೈಲೂ ಆಗುವುದಿಲ್ಲ, ನಮ್ಮ ಕೈಲೂ ಆಗುವುದಿಲ್ಲ. ಹಾಗಾಗಿ ಅಳೆಯಿರಿ.

ಮಗುವಿಗೊಂದು, ತಾಯಿಗೊಂದು ಪ್ರಶ್ನಾವಳಿ ಕೊಡಿ. ಬೇರೆ ಬೇರೆ ಕೂರಿಸಿ ತುಂಬಿಸಿ. ಎಷ್ಟೋ ಸಲ ಹೀಗಾಗುತ್ತದೆ: 'ಕೆಟ್ಟ ಕನಸು' ಅನ್ನುವ ಸಾಲಿನಲ್ಲಿ ತಾಯಿ 'ಇಲ್ಲವೇ ಇಲ್ಲ' ಅಂತ ಗುರುತು ಹಾಕಿರುತ್ತಾರೆ. ಮಗು 'ಹೆಚ್ಚುಕಮ್ಮಿ ದಿನಾ' ಅಂತ ಹಾಕಿರುತ್ತದೆ. ಅಮ್ಮನಿಗೆ ಯಾಕೆ ಹೇಳಿಲ್ಲ ಅಂತ ಕೇಳಿದರೆ ಉತ್ತರ ಒಂದೇ, "ಹೇಳಿದ್ರೆ ಅಮ್ಮ ಅಳ್ತಾಳೆ." ಮಗುವಿನ ಒಪ್ಪಿಗೆ ಪಡೆದು ಎರಡೂ ಹಾಳೆಗಳನ್ನು ತಾಯಿಯ ಮುಂದೆ ಇಡಿ. ಏನೂ ವಿವರಿಸಬೇಡಿ, ಓದಲು ಬಿಡಿ. ನೀವು ಅರ್ಧ ಗಂಟೆ ಬೋಧನೆ ಮಾಡಿದರೂ ಆಗದ ಕೆಲಸ ಆ ಎರಡು ಹಾಳೆಗಳಿಂದ ಆಗುತ್ತದೆ. ಎರಡು ತಿಂಗಳ ಮೇಲೆ ಅದೇ ಹಾಳೆಯನ್ನು ಮತ್ತೆ ತುಂಬಿಸಿ. ಅಂಕ ಇಳಿದಿದ್ದರೆ ಅದನ್ನೂ ತೋರಿಸಿ. ಬರುವುದರಿಂದ ಏನಾದರೂ ಆಗುತ್ತಿದೆ ಅನ್ನುವುದು ಅವರ ಕಣ್ಣಿಗೆ ಕಾಣಬೇಕು.

ಇನ್ನು ಶುರುವಿನ ಬಗ್ಗೆ. ಕುಟುಂಬವನ್ನು ಉಳಿಸಿಕೊಳ್ಳುವ ಕೆಲಸದಲ್ಲಿ ಅರ್ಧದಷ್ಟು ಮೊದಲ ಫೋನಿನಲ್ಲೇ ಇದೆ. ಎಷ್ಟೋ ಕಡೆ ಆ ಫೋನ್ ಮಾಡುವುದು ಆಫೀಸಿನ ಯಾರೋ. ತಾರೀಖು, ಟೈಮು, ಯಾವ ಕಾಗದ ತರಬೇಕು ಅಂತ ಹೇಳಿ ಇಟ್ಟುಬಿಡುತ್ತಾರೆ. ಮೇರಿ ಮೆಕೇ ಅನ್ನುವ ಸಂಶೋಧಕಿ 1990ರ ದಶಕದಲ್ಲಿ ಅಮೆರಿಕದ ದೊಡ್ಡ ನಗರಗಳ ಬಡ ಕುಟುಂಬಗಳ ಜೊತೆ ಈ ಮೊದಲ ಫೋನ್ ಮತ್ತು ಮೊದಲ ಭೇಟಿಯ ಮೇಲೆಯೇ ಕೆಲಸ ಮಾಡಿದರು. ಫೋನಿನಲ್ಲೇ ಸ್ವಲ್ಪ ಹೊತ್ತು ತೆಗೆದುಕೊಂಡು, ಮಗುವಿನ ಬಗ್ಗೆ ಅವರಿಗೇನು ಚಿಂತೆ, ಬರುವುದಕ್ಕೆ ಏನು ಅಡ್ಡಿ, ಹಿಂದೆ ಇಂಥ ಕಡೆ ಹೋದಾಗ ಹೇಗಿತ್ತು ಅಂತ ಕೇಳಿದರೆ ಮೊದಲ ಭೇಟಿಗೆ ಬರುವವರ ಸಂಖ್ಯೆ ಏರುತ್ತದೆ ಅಂತ ತೋರಿಸಿದರು. ಮೊದಲ ಭೇಟಿಯನ್ನೂ ಅದೇ ಧಾಟಿಯಲ್ಲಿ ನಡೆಸಿದರೆ ಮುಂದೆ ಉಳಿಯುವವರೂ ಹೆಚ್ಚುತ್ತಾರೆ.

ಆ ಫೋನ್ ಹೇಗಿರಬೇಕು? ನಾನು ಕಲಿಸುವಾಗ ಹೀಗೆ ಮಾಡಿಸುತ್ತೇನೆ:

"ನಮಸ್ಕಾರ ಅಮ್ಮಾ, ಈಗ ಮಾತಾಡೋಕೆ ಆಗುತ್ತಾ? ಪಕ್ಕದಲ್ಲಿ ಯಾರಾದ್ರೂ ಇದ್ದಾರಾ?"

"ಇಲ್ಲ, ಹೇಳಿ."

"ನಿಮ್ಮನ್ನ ಇಲ್ಲಿಗೆ ಕಳಿಸಿರೋದು ಬೇರೆಯವರು. ಅವರು ಏನು ಬರೆದಿದ್ದಾರೆ ಅಂತ ಓದಿದ್ದೀನಿ. ಆದ್ರೆ ನಿಮಗೆ ಈಗ ಜಾಸ್ತಿ ಕಷ್ಟ ಆಗ್ತಿರೋದು ಯಾವುದು?"

ಸ್ವಲ್ಪ ಹೊತ್ತು ಸುಮ್ಮನಿರುತ್ತಾರೆ. ಆಮೇಲೆ, "ಅವನು ಬೆಳಿಗ್ಗೆ ಶಾಲೆಗೆ ಹೊರಡಲ್ಲ ಮೇಡಂ. ದಿನಾ ಜಗಳ. ನಂಗೆ ಕೆಲಸಕ್ಕೆ ಲೇಟಾಗುತ್ತೆ."

ನೋಡಿ, ಇಲ್ಲಿ ದೌರ್ಜನ್ಯದ ಹೆಸರೇ ಬಂದಿಲ್ಲ. ಬರಬೇಕಾಗಿಯೂ ಇಲ್ಲ. ಆ ತಾಯಿ ಬರುವುದು ಬೆಳಗಿನ ಜಗಳ ನಿಲ್ಲಲಿ ಅಂತ. ಹಾಗಾದರೆ ಮೊದಲ ದಿನವೇ ಆ ಜಗಳದ ಬಗ್ಗೆ ಏನಾದರೂ ಒಂದನ್ನು ಕೊಟ್ಟು ಕಳಿಸಿ. ಹಿಂದಿನ ರಾತ್ರಿಯೇ ಬ್ಯಾಗ್ ಜೋಡಿಸುವುದು, ಎದ್ದ ಮೇಲೆ ಮೊದಲ ಹತ್ತು ನಿಮಿಷ ಬೈಯದೇ ಇರುವುದು, ಶೂ ಹಾಕಿಕೊಂಡ ಕೂಡಲೇ ಮೆಚ್ಚಿ ಒಂದು ಮಾತು ಹೇಳುವುದು. ಸಣ್ಣದೇ ಇರಲಿ. ಮುಂದೆ ನಿಧಾನವಾಗಿ, ಅವನು ಶಾಲೆಗೆ ಹೊರಡದೇ ಇರುವುದಕ್ಕೂ ನಡೆದದ್ದಕ್ಕೂ ಇರುವ ನಂಟನ್ನು ಅವರೇ ಕಾಣುತ್ತಾರೆ. ಮೊದಲ ಭೇಟಿ ಪೂರ್ತಿ ನಮ್ಮ ಫಾರಂ ತುಂಬುವುದರಲ್ಲೇ ಕಳೆದರೆ ಎರಡನೇ ಭೇಟಿ ಇರುವುದಿಲ್ಲ.

ಅದೇ ಫೋನಿನಲ್ಲಿ ಇನ್ನೊಂದನ್ನು ತಪ್ಪದೇ ಕೇಳಿ. ಯಾವ ನಂಬರಿಗೆ ಮಾಡಿದರೆ ಸುರಕ್ಷಿತ? ಬೇರೆ ಯಾರಾದರೂ ಎತ್ತಿದರೆ ನಾನು ಯಾರು ಅಂತ ಹೇಳಲಿ? ಮೆಸೇಜ್ ಕಳಿಸಬಹುದಾ? ಹಿಂಸೆ ಕೊಟ್ಟವನೇ ಆ ಫೋನನ್ನು ನೋಡುವ ಮನೆಗಳಿವೆ. 'ನಿಮ್ಮ ಮಗುವಿನ ಕೌನ್ಸೆಲಿಂಗ್ ನಾಳೆ' ಅನ್ನುವ ಒಂದು ಮೆಸೇಜ್ ಸಾಕು, ಅವರು ಮತ್ತೆ ಬರಲಾರರು. ಕೆಲವೊಮ್ಮೆ ಅದಕ್ಕಿಂತ ಕೆಟ್ಟದ್ದೂ ಆಗಬಹುದು.

ಪ್ರಯಾಣದ ಖರ್ಚು, ರಜೆ ಸಿಗದಿರುವುದು, ಮನೆಯಲ್ಲಿ ಬಿಟ್ಟು ಬರಲಾಗದ ಪುಟ್ಟ ಮಗು, ಇವೆಲ್ಲ ನಿಜವಾದ ಅಡ್ಡಿಗಳೇ. ಸಂಜೆ ಹೊತ್ತು ಕೊಡಿ, ಸಾಧ್ಯವಿದ್ದರೆ ಶಾಲೆಯಲ್ಲೋ ಮನೆಯಲ್ಲೋ ನೋಡಿ, ಕೆಲವು ಸೆಷನ್ ವಿಡಿಯೋದಲ್ಲಿ ಮಾಡಿ. ಆದರೆ ಖರ್ಚು ಕೊಟ್ಟರೂ ಬಾರದವರು ಇದ್ದಾರೆ, ಬಹಳ ದೂರದಿಂದ ತಪ್ಪದೇ ಬರುವವರೂ ಇದ್ದಾರೆ. ಅಲನ್ ಕಾಜ್ಡಿನ್ ಮತ್ತವರ ತಂಡ 1997ರ ಸುಮಾರಿಗೆ ಈ ಅಡ್ಡಿಗಳನ್ನು ಅಳೆಯಲು ಒಂದು ಮಾಪಕವನ್ನೇ ಮಾಡಿದರು. ಅದರಲ್ಲಿ ದಿನನಿತ್ಯದ ತಾಪತ್ರಯಗಳ ಜೊತೆಗೆ ಇನ್ನೂ ಕೆಲವು ಇದ್ದವು: 'ಈ ಚಿಕಿತ್ಸೆ ನಮ್ಮ ಸಮಸ್ಯೆಗೆ ಸಂಬಂಧಪಟ್ಟಿದ್ದಲ್ಲ' ಅನ್ನಿಸುವುದು, 'ಇವರು ಕೇಳೋದು ವಿಪರೀತ' ಅನ್ನಿಸುವುದು, ಥೆರಪಿಸ್ಟ್ ಜೊತೆ ಹೊಂದಾಣಿಕೆ ಆಗದಿರುವುದು. ನಮ್ಮ ಕೌನ್ಸೆಲರುಗಳು ಪ್ರಯಾಣದ ಖರ್ಚಿನ ಬಗ್ಗೆ ಕೇಳಿ ಅಲ್ಲಿಗೇ ನಿಂತುಬಿಡುತ್ತಾರೆ. ಉಳಿದವನ್ನು ಕೇಳುವುದಕ್ಕೆ ಮುಜುಗರ ಅಂತ ಕಾಣುತ್ತದೆ. ಕೇಳಬೇಕು. "ಇಲ್ಲಿಗೆ ಬರೋದ್ರಲ್ಲಿ ಏನು ಕಿರಿಕಿರಿ ಆಗ್ತಿದೆ? ನಾನು ಹೇಳಿದ್ರಲ್ಲಿ ಯಾವುದು ನಿಮಗೆ ಸರಿ ಅನ್ನಿಸ್ಲಿಲ್ಲ?" ನಾಕ್ ಮತ್ತು ಕಾಜ್ಡಿನ್ 2005ರಲ್ಲಿ ತೋರಿಸಿದ್ದು ಇದನ್ನೇ. ಪೋಷಕರ ಜೊತೆ ಅವರ ಉದ್ದೇಶ ಮತ್ತು ಅಡ್ಡಿಗಳ ಬಗ್ಗೆ ಆಗಾಗ ಕೆಲವೇ ನಿಮಿಷ ಮಾತಾಡಿದರೂ ಹಾಜರಿ ಹೆಚ್ಚುತ್ತದೆ.

ಈಗ ಪೋಷಕರ ವಿಷಯ. ಇಲ್ಲಿ ಎರಡು ಬೇರೆ ಬೇರೆ ಗುಂಪುಗಳಿವೆ. ಎರಡಕ್ಕೂ ಒಂದೇ ಮದ್ದು ಇಲ್ಲ.

ಮೊದಲನೆಯದು ತಪ್ಪು ಮಾಡದ ಪೋಷಕರು, ಸಾಮಾನ್ಯವಾಗಿ ತಾಯಿ. ಅವರ ಮಗುವಿಗೆ ಬೇರೆ ಯಾರೋ ಹಿಂಸೆ ಕೊಟ್ಟಿರುತ್ತಾರೆ. ಬಹಳ ಸಲ ಆ 'ಬೇರೆ ಯಾರೋ' ಗಂಡನೇ, ಅಣ್ಣನೇ, ಸ್ವಂತ ಅಪ್ಪನೇ. ವಿಷಯ ಹೊರಬಿದ್ದ ದಿನ ಅವರು ಕಳೆದುಕೊಂಡದ್ದನ್ನು ಒಮ್ಮೆ ಲೆಕ್ಕ ಹಾಕಿ. ಮನೆ, ಆದಾಯ, ತವರು, ತನ್ನ ಮೇಲೆ ತನಗಿದ್ದ ನಂಬಿಕೆ. ಅಂಥವರನ್ನು ಕಾರಿಡಾರಿನಲ್ಲಿ ಕೂರಿಸಿ ಮಗುವನ್ನು ಮಾತ್ರ ಒಳಗೆ ಕರೆದುಕೊಂಡು ಹೋದರೆ ಅವರಿಗೆ ಕೇಳಿಸುವುದು ಒಂದೇ: 'ಇದರಲ್ಲಿ ನಿನ್ನದೇನೂ ಕೆಲಸವಿಲ್ಲ, ಮಗುವನ್ನು ಕೆಡಿಸಿದ್ದು ನೀನೇ.' ನಾವು ಹಾಗೆ ಹೇಳಿರುವುದಿಲ್ಲ. ಅವರಿಗೆ ಹಾಗೇ ಕೇಳಿಸುತ್ತದೆ.

ಎಸ್ತರ್ ಡೆಬ್ಲಿಂಗರ್ ಮತ್ತು ಸಂಗಡಿಗರ 1996ರ ಅಧ್ಯಯನವನ್ನು ಇಲ್ಲಿ ನೆನೆಯಬೇಕು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಕ್ಕಳನ್ನು ಬೇರೆ ಬೇರೆ ಗುಂಪು ಮಾಡಿದರು. ಕೆಲವರಲ್ಲಿ ಮಗುವಿಗೆ ಮಾತ್ರ ಚಿಕಿತ್ಸೆ, ಕೆಲವರಲ್ಲಿ ತಾಯಿಗೆ ಮಾತ್ರ, ಕೆಲವರಲ್ಲಿ ಇಬ್ಬರಿಗೂ. ಮಗುವಿಗೆ ನೇರವಾಗಿ ಚಿಕಿತ್ಸೆ ಕೊಟ್ಟಾಗ ಆಘಾತದ ಲಕ್ಷಣಗಳು ಇಳಿದವು. ತಾಯಿಯನ್ನು ಸೇರಿಸಿಕೊಂಡಾಗ ಮಗುವಿನ ಖಿನ್ನತೆ ಮತ್ತು ರಂಪಾಟ ಇಳಿದವು. ಅಂದರೆ ತಾಯಿಯ ಜೊತೆ ಕಳೆದ ಸಮಯದ ಫಲ ಮಗುವಿನಲ್ಲಿ ಕಾಣುತ್ತದೆ. ಇದೇ ಡೆಬ್ಲಿಂಗರ್ ಮತ್ತು ಜುಡಿತ್ ಕೋಹೆನ್, ಆಂಥನಿ ಮ್ಯಾನರಿನೋ ಸೇರಿ ರೂಪಿಸಿದ ಟಿಎಫ್-ಸಿಬಿಟಿ (ಆಘಾತಕ್ಕೆ ಒಳಗಾದ ಮಕ್ಕಳಿಗಾಗಿ ಇರುವ ಮಾತಿನ ಚಿಕಿತ್ಸೆ) ಅನ್ನುವ ಪದ್ಧತಿಯಲ್ಲಿ ಹೆಚ್ಚುಕಮ್ಮಿ ಅರ್ಧ ಸಮಯ ಪೋಷಕರದ್ದೇ. ನಿಮ್ಮ ಸಂಸ್ಥೆಯಲ್ಲಿ ಸೆಷನ್ ಒಂದು ಗಂಟೆ ಇದ್ದರೆ, ಅದರಲ್ಲಿ ಇಪ್ಪತ್ತೈದು ನಿಮಿಷ ತಾಯಿಗೆ ಕೊಡಿ. ಅವರಿಗೂ ಒಂದು ಕುರ್ಚಿ ಇದೆ ಅಂತಾದರೆ ಅವರು ಬರುತ್ತಾರೆ.

ತಾಯಿ ಅರ್ಧ ನಂಬಿ ಅರ್ಧ ನಂಬದೆ ಇರುವುದು ಸಾಮಾನ್ಯ. "ಅವರು ಅಂಥವರಲ್ಲ ಮೇಡಂ, ಆದ್ರೆ ಮಗಳು ಸುಳ್ಳು ಹೇಳೋಳಲ್ಲ." ಎರಡೂ ವಾಕ್ಯ ಒಂದೇ ಉಸಿರಿನಲ್ಲಿ ಬರುತ್ತವೆ. ಅಲ್ಲೇ ಪಟ್ಟು ಹಿಡಿದು 'ಪೂರ್ತಿ ನಂಬಿ' ಅನ್ನಬೇಡಿ. ನಂಬುವುದು ನಿಧಾನವಾಗಿ ಆಗಲಿ. ಮಗುವಿನ ಮುಂದೆ ಏನು ಹೇಳಬಾರದು, ರಕ್ಷಣೆಗೆ ಇವತ್ತೇ ಏನು ಮಾಡಬೇಕು ಅನ್ನುವುದನ್ನು ಮಾತ್ರ ಗಟ್ಟಿ ಮಾಡಿಕೊಳ್ಳಿ. ಇದು ಸಣ್ಣ ವಿಷಯ ಅಲ್ಲ. 257 ಪ್ರಕರಣಗಳನ್ನು ನೋಡಿದ 2007ರ ಒಂದು ಅಧ್ಯಯನದಲ್ಲಿ ಸುಮಾರು 23 ಶೇಕಡಾ ಮಕ್ಕಳು ಹೇಳಿದ ಮಾತನ್ನು ಒಂದು ಹಂತದಲ್ಲಿ ವಾಪಸ್ ತೆಗೆದುಕೊಂಡಿದ್ದರು. ತಪ್ಪು ಮಾಡದ ಪೋಷಕರ ಬೆಂಬಲ ಸಿಗದ ಮಕ್ಕಳಲ್ಲಿ ಇದು ಹೆಚ್ಚು. ಮಾತು ವಾಪಸ್ ಪಡೆದ ಮಗು ಥೆರಪಿಗೆ ಯಾಕೆ ಬರುತ್ತದೆ ಹೇಳಿ?

ಮನೆಯಲ್ಲಿ ತೀರ್ಮಾನ ಮಾಡುವವರು ಬೇರೆಯೇ ಇರಬಹುದು. ಅವರು ನಿಮ್ಮ ಮುಂದೆ ಎಂದೂ ಬಂದಿರುವುದಿಲ್ಲ. ಹೋಸೆ ಶಪೋಚ್ನಿಕ್ ಅವರ ತಂಡ ಮಾದಕ ವಸ್ತು ಬಳಸುವ ಹದಿಹರೆಯದವರ 108 ಕುಟುಂಬಗಳ ಜೊತೆ ಮಾಡಿದ 1988ರ ಅಧ್ಯಯನ ಇಲ್ಲಿಗೂ ಹೊಂದುತ್ತದೆ. ಫೋನ್ ಮಾಡಿದ ಒಬ್ಬ ಸದಸ್ಯರ ಮೂಲಕವೇ ಬಾರದ ಉಳಿದವರನ್ನು ತಲುಪುವ ಪ್ರಯತ್ನ ಮಾಡಿದಾಗ 93 ಶೇಕಡಾ ಕುಟುಂಬಗಳು ಚಿಕಿತ್ಸೆಗೆ ಬಂದವು. ಎಂದಿನಂತೆ ಕರೆದಾಗ ಬಂದದ್ದು 42 ಶೇಕಡಾ. ಆದ್ದರಿಂದ ತಾಯಿಯನ್ನು ಕೇಳಿ, "ನೀವು ಇಲ್ಲಿಗೆ ಬರೋದು ಯಾರಿಗೆ ಇಷ್ಟ ಇಲ್ಲ? ಅವರಿಗೆ ಏನು ಭಯ?" ತಾಯಿ ಒಪ್ಪಿದರೆ ಆ ವ್ಯಕ್ತಿಗೆ ನೀವೇ ಫೋನ್ ಮಾಡಿ. ಅಪ್ಪಂದಿರಿಗೆ ಇದು ಜಾಸ್ತಿ ಅನ್ವಯಿಸುತ್ತದೆ. 'ಪೋಷಕರು ಬನ್ನಿ' ಅಂದರೆ ಅವರು ಬರುವುದಿಲ್ಲ. ಹೆಸರು ಹಿಡಿದು, "ಈ ವಿಷಯದಲ್ಲಿ ನಿಮ್ಮ ಅಭಿಪ್ರಾಯ ಬೇಕು" ಅಂದರೆ ಎಷ್ಟೋ ಜನ ಬರುತ್ತಾರೆ. ಆದರೆ ಹಿಂಸೆ ಕೊಟ್ಟವನು ಅವನೇ ಅನ್ನುವ ಅನುಮಾನ ಇದ್ದಲ್ಲಿ ಈ ದಾರಿ ಬೇಡವೇ ಬೇಡ.

ಎರಡನೇ ಗುಂಪು ಹೊಡೆದ ಪೋಷಕರು. ಕೋರ್ಟಿನ ಕಾಗದ ಹಿಡಿದು ಬಂದು ಕೈಕಟ್ಟಿ ಕೂರುವವರು. ಇವರ ಬಗ್ಗೆ ಕೌನ್ಸೆಲರ್‌ಗಳಿಗೆ ಒಳಗೊಳಗೇ ಸಿಟ್ಟಿರುತ್ತದೆ. ಅದು ಅವರಿಗೆ ಗೊತ್ತಾಗುತ್ತದೆ.

"ನಮ್ಮಪ್ಪನೂ ನನ್ನ ಬೆಲ್ಟಲ್ಲಿ ಹೊಡೆದಿದ್ದಾರೆ. ನಾನೇನು ಹಾಳಾಗಿದ್ದೀನಾ?"

ಇದಕ್ಕೆ ಸಂಶೋಧನೆಯ ಉತ್ತರ ಕೊಡಬೇಡಿ. "ಅಪ್ಪ ಬೆಲ್ಟ್ ತಗೊಂಡಾಗ ನಿಮಗೆ ಎಷ್ಟು ವಯಸ್ಸು?" ಅಂತ ಕೇಳಿ. "ಆಗ ಅಪ್ಪನ ಬಗ್ಗೆ ಏನನ್ನಿಸ್ತಿತ್ತು? ನಿಮ್ಮ ಮಗ ನಿಮ್ಮ ಬಗ್ಗೆ ಹಾಗೆ ಅಂದ್ಕೊಳ್ಳೋದು ನಿಮಗೆ ಇಷ್ಟಾನಾ?" ಆಮೇಲೆ ಸುಮ್ಮನಿರಿ. ಬದಲಾಗುವುದಕ್ಕೆ ಕಾರಣ ಅವರ ಬಾಯಿಂದಲೇ ಬರಬೇಕು. ವಿಲಿಯಂ ಮಿಲ್ಲರ್ 1983ರಲ್ಲಿ ಕುಡಿತದ ಸಮಸ್ಯೆ ಇರುವವರಿಗಾಗಿ ವಿವರಿಸಿ, ಆಮೇಲೆ ಸ್ಟೀಫನ್ ರೋಲ್ನಿಕ್ ಜೊತೆ ಬೆಳೆಸಿದ ಮೋಟಿವೇಶನಲ್ ಇಂಟರ್‌ವ್ಯೂಯಿಂಗ್ ಅನ್ನುವ ಮಾತಿನ ಕ್ರಮ ಇದು. ನಾವು ಬದಲಾವಣೆಯ ಪರ ಜೋರಾಗಿ ವಾದಿಸಿದಷ್ಟೂ ಎದುರಿಗಿದ್ದವರು ವಿರುದ್ಧದ ವಾದವನ್ನು ಗಟ್ಟಿ ಮಾಡಿಕೊಳ್ಳುತ್ತಾರೆ.

ಈ ಪೋಷಕರಿಗೆ ಪಾಠ ಹೇಳಿದರೆ ಸಾಲದು, ಕೈಹಿಡಿದು ಮಾಡಿಸಬೇಕು. ಪಿಸಿಐಟಿ (ಪೇರೆಂಟ್-ಚೈಲ್ಡ್ ಇಂಟರಾಕ್ಷನ್ ಥೆರಪಿ) ಅನ್ನುವ ಪದ್ಧತಿಯಲ್ಲಿ ಪೋಷಕರು ಕಿವಿಗೆ ಪುಟ್ಟ ಇಯರ್‌ಫೋನ್ ಹಾಕಿಕೊಂಡು ಮಗುವಿನ ಜೊತೆ ಆಡುತ್ತಾರೆ. ಥೆರಪಿಸ್ಟ್ ಒಂದೇ ಕಡೆಯಿಂದ ಕಾಣುವ ಕನ್ನಡಿಯ ಆಚೆಯಿಂದ "ಈಗ ಹೊಗಳಿ", "ಅದನ್ನು ಗಮನಿಸಬೇಡಿ", "ಚೆನ್ನಾಗಿ ಮಾಡಿದ್ರಿ" ಅಂತ ಹೇಳುತ್ತಿರುತ್ತಾರೆ. ಮಾರ್ಕ್ ಚಾಫಿನ್ ಮತ್ತು ಸಂಗಡಿಗರು ದೈಹಿಕ ಹಿಂಸೆ ಮಾಡಿದ 110 ಪೋಷಕರ ಮೇಲೆ ಇದನ್ನು ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದರು. ಸುಮಾರು 850 ದಿನಗಳ ನಂತರ ನೋಡಿದಾಗ, ಪಿಸಿಐಟಿ ಪಡೆದವರಲ್ಲಿ 19 ಶೇಕಡಾ ಜನರ ಮೇಲೆ ಮತ್ತೆ ದೈಹಿಕ ಹಿಂಸೆಯ ದೂರು ಬಂದಿತ್ತು. ಪೋಷಕರಿಗಾಗಿ ನಡೆಸುವ ಮಾಮೂಲಿ ತರಬೇತಿ ಗುಂಪಿಗೆ ಹೋದವರಲ್ಲಿ ಅದು 49 ಶೇಕಡಾ. ಇದರಲ್ಲಿ ಜನ ಗಮನಿಸದ ಇನ್ನೊಂದು ಅಂಶ ಇದೆ. ಮೂರನೇ ಗುಂಪಿಗೆ ಪಿಸಿಐಟಿ ಜೊತೆ ಇನ್ನಷ್ಟು ಸೇವೆಗಳನ್ನೂ ಸೇರಿಸಿ ಕೊಟ್ಟಿದ್ದರು. ಅದರಿಂದ ಹೆಚ್ಚಿನ ಲಾಭ ಆಗಲಿಲ್ಲ. ಒಂದೇ ಕುಟುಂಬವನ್ನು ವಾರಕ್ಕೆ ನಾಲ್ಕು ಕಡೆ ಓಡಾಡಿಸುವ ನಮ್ಮ ಅಭ್ಯಾಸದ ಬಗ್ಗೆ ಇದು ಯೋಚಿಸುವ ಹಾಗೆ ಮಾಡಬೇಕು.

ಚಾಫಿನ್ ತಂಡದ ಮುಂದಿನ ಕೆಲಸ ನಿಮ್ಮ ಪ್ರಶ್ನೆಗೆ ಇನ್ನೂ ಹತ್ತಿರ. ಪಿಸಿಐಟಿಗೆ ಮುಂಚೆ ಕೆಲವು ಸೆಷನ್ ಪೋಷಕರ ಸ್ವಂತ ಉದ್ದೇಶದ ಬಗ್ಗೆ ಮಾತಾಡಿದಾಗ, ಅಷ್ಟೇನೂ ಮನಸ್ಸಿಲ್ಲದೇ ಬಂದವರು ಹೆಚ್ಚು ಉಳಿದರು. ಮೊದಲೇ ಉತ್ಸಾಹದಿಂದ ಬಂದವರಿಗೆ ಅದರಿಂದ ಲಾಭ ಆಗಲಿಲ್ಲ, ತೊಡಕೇ ಆಯಿತು. ಸಿದ್ಧವಾಗಿ ಬಂದವರಿಗೆ 'ನೀವು ಯಾಕೆ ಬದಲಾಗಬೇಕು' ಅಂತ ಮತ್ತೆ ಮತ್ತೆ ಕೇಳಬೇಡಿ. ನೇರ ಕೆಲಸಕ್ಕೆ ಇಳಿಯಿರಿ.

ಎರಡೂ ಗುಂಪಿಗೆ ಸಮಾನವಾದದ್ದು ಒಂದಿದೆ. ಏನನ್ನು ನೀವು ಗುಟ್ಟಾಗಿ ಇಡುತ್ತೀರಿ, ಏನನ್ನು ವರದಿ ಮಾಡಲೇಬೇಕು, ಕೋರ್ಟಿಗೆ ಏನು ಹೋಗುತ್ತದೆ ಅನ್ನುವುದನ್ನು ಮೊದಲ ದಿನವೇ ಸರಳ ಮಾತಿನಲ್ಲಿ ಹೇಳಿ. ಮಗುವಿಗೂ ಹೇಳಿ. 'ಎಲ್ಲಾ ನಮ್ಮೊಳಗೇ ಇರುತ್ತೆ' ಅಂತ ಸುಮ್ನೆ ಭರವಸೆ ಕೊಟ್ಟು ಆಮೇಲೆ ವರದಿ ಬರೆದರೆ ಆ ಕುಟುಂಬ ನಿಮ್ಮನ್ನು ಮಾತ್ರವಲ್ಲ, ಮುಂದೆ ಯಾವ ಕೌನ್ಸೆಲರನ್ನೂ ನಂಬುವುದಿಲ್ಲ.

ಮಕ್ಕಳ ವಿಷಯಕ್ಕೆ ಬರೋಣ. ಬಾಯಿ ಬಿಡದ ಮಗುವಿನ ಜೊತೆ ನಮ್ಮಲ್ಲಿ ಅನೇಕರು ಮಾಡುವುದು ಏನು? ತಿಂಗಳುಗಟ್ಟಲೆ ಆಟ, ಚಿತ್ರ, ಬಣ್ಣ. ವಿಷಯದ ಹತ್ತಿರಕ್ಕೂ ಹೋಗುವುದಿಲ್ಲ. 'ಮೊದಲು ನಂಟು ಬೆಳೆಯಲಿ' ಅನ್ನುತ್ತಾರೆ. ನನಗೆ ಇದರಲ್ಲಿ ಅಷ್ಟು ನಂಬಿಕೆ ಇಲ್ಲ. ಮಗುವಿಗೆ ತಾನು ಯಾಕೆ ಬಂದಿದ್ದೇನೆ ಅಂತ ಚೆನ್ನಾಗಿ ಗೊತ್ತಿರುತ್ತದೆ. ದೊಡ್ಡವರು ಆ ವಿಷಯ ಎತ್ತುವುದೇ ಇಲ್ಲ ಅಂದರೆ, ಅದು ಅಷ್ಟು ಹೊಲಸು ವಿಷಯ ಅಂತ ಮಗು ಅರ್ಥ ಮಾಡಿಕೊಳ್ಳುತ್ತದೆ. ಮೊದಲ ದಿನವೇ ಹೆಸರು ಹಿಡಿದು ಹೇಳಿಬಿಡಿ: "ಮಾವ ನಿನ್ನ ಮೈ ಮುಟ್ಟಿದ್ದು ನನಗೆ ಗೊತ್ತು. ಇಂಥದ್ದು ಆದ ಬೇರೆ ಮಕ್ಕಳೂ ಇಲ್ಲಿಗೆ ಬರ್ತಾರೆ. ಇವತ್ತು ನೀನು ಅದರ ಬಗ್ಗೆ ಏನೂ ಹೇಳಬೇಕಾಗಿಲ್ಲ." ಶಾಂತವಾದ ದನಿಯಲ್ಲಿ, ಮಳೆ ಬಂತು ಅಂತ ಹೇಳುವಷ್ಟೇ ಸಹಜವಾಗಿ. ಆಮೇಲೆ ಆಟಕ್ಕೆ ಹೋಗಿ.

ಎಂಟು ವರ್ಷದ ಮಗು ಬಂದ ಕೂಡಲೇ ಮೇಜಿನ ಕೆಳಗೆ ಸೇರಿಕೊಂಡಿತು ಅಂದುಕೊಳ್ಳಿ. ಎಳೆಯಬೇಡಿ, ಪುಸಲಾಯಿಸಬೇಡಿ. ನೀವೂ ನೆಲದ ಮೇಲೆ ಕೂತುಕೊಳ್ಳಿ, ಸ್ವಲ್ಪ ದೂರ, ಬಾಗಿಲಿಗೆ ಅಡ್ಡವಾಗದ ಹಾಗೆ. ಎರಡು ಕಾರ್ಡ್ ಜಾರಿಸಿ, ಒಂದು ಹಸಿರು, ಒಂದು ಕೆಂಪು. "ನಾನು ಪ್ರಶ್ನೆ ಕೇಳ್ತೀನಿ. ಉತ್ತರ ಹೇಳಬೇಕು ಅಂತಿಲ್ಲ. ಕೇಳಬಹುದು ಅಂದ್ರೆ ಹಸಿರು, ಬೇಡ ಅಂದ್ರೆ ಕೆಂಪು." ಮೊದಲು ಕ್ರಿಕೆಟ್ ಬಗ್ಗೆ, ನಾಯಿಮರಿ ಬಗ್ಗೆ ಕೇಳಿ. ಕೆಂಪು ಬಂದರೆ ನಿಜವಾಗಿಯೂ ನಿಲ್ಲಿಸಿ. ಅಲ್ಲೇ ಪರೀಕ್ಷೆ ಇರುವುದು. 'ಬೇಡ' ಅಂದಾಗ ನಿಲ್ಲಿಸುವ ದೊಡ್ಡವರನ್ನು ಆ ಮಗು ಬಹುಶಃ ಕಂಡೇ ಇಲ್ಲ. ಎರಡನೇ ಕೆಂಪು, ಮೂರನೇ ಕೆಂಪು ಎಲ್ಲಕ್ಕೂ ನೀವು ನಿಲ್ಲಿಸಿದ ಮೇಲೆ ಹಸಿರು ಬರಲು ಶುರುವಾಗುತ್ತದೆ.

ಪ್ರತಿ ಸಲವೂ ಅದೇ ಕೋಣೆ, ಅದೇ ಕ್ರಮ ಇರಲಿ. ಮುಂದೇನು ಅಂತ ಮಗುವಿಗೆ ಮೊದಲೇ ಗೊತ್ತಿರಲಿ. ಕಷ್ಟದ ಭಾಗ ನಡುವಿನಲ್ಲಿ ಬರಲಿ, ಕೊನೆಯ ಹತ್ತು ನಿಮಿಷ ಹಗುರವಾದದ್ದು. ಅತ್ತ ಮುಖದಲ್ಲಿ ಹೊರಗೆ ಹೋದ ಮಗುವನ್ನು ಕಂಡ ತಾಯಿ ಮುಂದಿನ ವಾರ ಕರೆದುಕೊಂಡು ಬರುವುದು ಕಷ್ಟ. ಹದಿಹರೆಯದವರಿಗೆ ಬೇಕಾಗಿರುವುದು ಬೇರೆ. ಅಪ್ಪ ಅಮ್ಮನಿಗೆ ಏನು ಹೇಳುತ್ತೀರಿ, ಏನು ಹೇಳುವುದಿಲ್ಲ ಅನ್ನುವ ಸ್ಪಷ್ಟ ಒಪ್ಪಂದ, ಮತ್ತು ಅವರದೇ ಆದ ಒಂದು ಗುರಿ. "ನಿದ್ದೆ ಬಂದ್ರೆ ಸಾಕು" ಅಂದರೆ ನಿದ್ದೆಯಿಂದಲೇ ಶುರು ಮಾಡಿ.

ಬೇರೆ ಮನೆಯಲ್ಲಿ ಬೆಳೆಯುತ್ತಿರುವ ಮಕ್ಕಳ ಸಾಕು ಪೋಷಕರನ್ನು 'ಇವರು ತಾತ್ಕಾಲಿಕ' ಅಂತ ಬದಿಗಿಡಬೇಡಿ. ಶಾನನ್ ಡಾರ್ಸಿ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಸಣ್ಣ ಅಧ್ಯಯನವೊಂದರಲ್ಲಿ ಇಂಥ ಪೋಷಕರ ಜೊತೆ ಮೆಕೇ ಅವರ ಮಾದರಿಯ ಫೋನ್ ಮತ್ತು ಮೊದಲ ಭೇಟಿ ಮಾಡಿದಾಗ ಮಧ್ಯದಲ್ಲೇ ಬಿಟ್ಟುಹೋಗುವುದು ಕಡಿಮೆಯಾಯಿತು.

ಕುಟುಂಬಗಳು ಯಾವಾಗ ಬೇಕಾದರೂ ಬಿಟ್ಟುಹೋಗುವುದಿಲ್ಲ. ಕೆಲವು ಸಡಿಲ ಜಾಗಗಳಿವೆ. ಮೊದಲ ಭೇಟಿಯ ನಂತರ ಒಂದು. ಲಕ್ಷಣಗಳು ಸ್ವಲ್ಪ ಇಳಿದ ಕೂಡಲೇ ಇನ್ನೊಂದು. ಕೋರ್ಟಿನ ದಿನದ ಆಸುಪಾಸು ಮತ್ತೊಂದು. ಎಲ್ಲಕ್ಕಿಂತ ದೊಡ್ಡದು, ನಡೆದದ್ದನ್ನು ಮಗು ವಿವರವಾಗಿ ಹೇಳುವ ಹಂತಕ್ಕೆ ಸ್ವಲ್ಪ ಮುಂಚೆ. ಇದನ್ನು ಮೊದಲೇ ಹೇಳಿಡಿ. "ಮುಂದಿನ ಎರಡು ಮೂರು ವಾರ ಇಲ್ಲಿಗೆ ಬರೋದು ಬೇಡ ಅಂತ ಅನ್ನಿಸಬಹುದು. ಅವನಿಗೂ ಅನ್ನಿಸಬಹುದು, ನಿಮಗೂ ಅನ್ನಿಸಬಹುದು. ಹಾಗನ್ನಿಸಿದ್ರೆ ನಂಗೆ ಫೋನ್ ಮಾಡಿ, ಬಿಡಬೇಡಿ." ಯಾಕೆ ಕೆದಕಬೇಕು ಅಂತ ಕೇಳಿದರೆ, ಟಿಎಫ್-ಸಿಬಿಟಿಯವರು ಹೇಳುವ ಮಾತನ್ನೇ ನಾನೂ ಹೇಳುತ್ತೇನೆ. ಮಂಡಿ ತರಚಿ ಮಣ್ಣು ಸೇರಿದೆ. ತೊಳೆದರೆ ಉರಿಯುತ್ತದೆ. ತೊಳೆಯದೇ ಬಟ್ಟೆ ಕಟ್ಟಿದರೆ ಒಳಗೇ ಕೀವಾಗುತ್ತದೆ. ನಾವು ಗಸಗಸ ತಿಕ್ಕುವುದಿಲ್ಲ, ಸ್ವಲ್ಪ ಸ್ವಲ್ಪವೇ ತೊಳೆಯುತ್ತೇವೆ. ಇದು ಪೋಷಕರಿಗೂ ಅರ್ಥವಾಗುತ್ತದೆ, ಆರು ವರ್ಷದ ಮಗುವಿಗೂ ಅರ್ಥವಾಗುತ್ತದೆ.

ಎಷ್ಟು ಸಲ ಬರಬೇಕು ಅಂತಲೂ ಶುರುವಿನಲ್ಲೇ ಹೇಳಿ. ಟಿಎಫ್-ಸಿಬಿಟಿ ಸಾಮಾನ್ಯವಾಗಿ 12ರಿಂದ 16 ಸೆಷನ್, ಜಟಿಲವಾದ ಕೇಸುಗಳಲ್ಲಿ 25ರವರೆಗೂ ಹೋಗಬಹುದು. ತೀರ ಪುಟ್ಟ ಮಕ್ಕಳಿಗೆ ತಾಯಿ-ಮಗು ಒಟ್ಟಿಗೆ ಮಾಡುವ ಚೈಲ್ಡ್-ಪೇರೆಂಟ್ ಸೈಕೋಥೆರಪಿ ಸುಮಾರು ಒಂದು ವರ್ಷದ್ದು. ಕೊನೆಯೇ ಕಾಣದ ದಾರಿಯಲ್ಲಿ ಯಾರೂ ಜಾಸ್ತಿ ದೂರ ನಡೆಯುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಒಂದು ದಿನ ಅವರು ಬರುವುದಿಲ್ಲ. ಅದೇ ದಿನ ಫೋನ್ ಮಾಡಿ, ವಾರ ಬಿಟ್ಟಲ್ಲ. "ಯಾಕೆ ಬರಲಿಲ್ಲ" ಅಂತ ಶುರು ಮಾಡಬೇಡಿ. "ಇವತ್ತು ನಿಮ್ಮಿಬ್ಬರನ್ನೂ ಕಾಯ್ತಾ ಇದ್ದೆ. ಎಲ್ಲಾ ಸರಿ ಇದೆಯಾ?" ಅನ್ನಿ. ಹೋದ ಸಲದ ಸೆಷನ್ ಹೇಗಿತ್ತು ಅಂತ ಕೇಳಿ. ನಿಮ್ಮ ಮಾತೇ ಏನಾದರೂ ಚುಚ್ಚಿದ್ದರೆ ಇಲ್ಲಿ ಹೊರಬರುತ್ತದೆ. 'ಮೂರು ಸಲ ತಪ್ಪಿದರೆ ಕೇಸ್ ಕ್ಲೋಸ್' ಅನ್ನುವ ನಿಯಮ ನಿಮ್ಮ ಸಂಸ್ಥೆಯಲ್ಲಿದ್ದರೆ, ಈ ಮಕ್ಕಳ ಮಟ್ಟಿಗಾದರೂ ಅದನ್ನು ಸಡಿಲಿಸಲು ಜಗಳ ಆಡಿ. ಮತ್ತೆ ನಿಮ್ಮನ್ನೂ ಒಮ್ಮೆ ನೋಡಿಕೊಳ್ಳಿ. ಕಷ್ಟದ ಭಾಗವನ್ನು ಮುಂದಿನ ವಾರಕ್ಕೆ ತಳ್ಳುತ್ತಿರುವುದು ಮಗುವೋ, ನೀವೋ? ಕೇಳಿ ಕೇಳಿ ಸಾಕಾದ ಥೆರಪಿಸ್ಟ್ ಕೂಡ ತಪ್ಪಿಸಿಕೊಳ್ಳುತ್ತಾರೆ. ಹಿರಿಯರೊಬ್ಬರ ಜೊತೆ ಕೂತು ಕೇಸುಗಳ ಬಗ್ಗೆ ಮಾತಾಡುವ ವ್ಯವಸ್ಥೆ ಇಲ್ಲದಿದ್ದರೆ ಮಾಡಿಕೊಳ್ಳಿ.

ಕೆಲವು ಕಡೆ ಈ ಯಾವ ಜಾಣ್ಮೆಯೂ ಸಲ್ಲದು. ಹಿಂಸೆ ಕೊಟ್ಟವನು ಇನ್ನೂ ಅದೇ ಮನೆಯಲ್ಲಿದ್ದರೆ ಮೊದಲ ಕೆಲಸ ರಕ್ಷಣೆ. ನೆನಪುಗಳನ್ನು ಬಿಚ್ಚುವುದು ಆಮೇಲೆ. ಬರುವುದು ನಿಂತಾಗ ಮಗುವಿಗೆ ಅಪಾಯ ಇದೆ ಅನ್ನಿಸಿದರೆ ಮಕ್ಕಳ ರಕ್ಷಣೆಯ ಅಧಿಕಾರಿಗಳಿಗೆ ತಿಳಿಸಲೇಬೇಕು. ನಂಟು ಕೆಡುತ್ತದೆ ಅಂತ ಕೂರಬಾರದು.

ಅಪಾಯ ಇಲ್ಲ, ಹಾಳೆಗಳಲ್ಲೂ ಅಂಕ ಕಡಿಮೆ, ಕುಟುಂಬಕ್ಕೆ ಈಗ ಬೇಡ. ಆಗ ಗೌರವದಿಂದ ಬಿಟ್ಟುಕೊಡಿ. ಆದರೆ ಸುಮ್ನೆ ಫೈಲ್ ಮುಚ್ಚಬೇಡಿ. ಕೊನೆಯದಾಗಿ ಒಂದು ಸಲ ಕೂರಿಸಿ, ಯಾವ ಲಕ್ಷಣ ಕಂಡರೆ ವಾಪಸ್ ಬರಬೇಕು ಅಂತ ಬರೆದುಕೊಡಿ. ನಿದ್ದೆ ಕೆಡುವುದು, ಓದಿನಲ್ಲಿ ದಿಢೀರ್ ಇಳಿಯುವುದು, ತನ್ನ ಮೈಗೆ ತಾನೇ ಗಾಯ ಮಾಡಿಕೊಳ್ಳುವುದು, ವಯಸ್ಸಿಗೆ ಮೀರಿದ ಲೈಂಗಿಕ ವರ್ತನೆ. ಏಳನೇ ವಯಸ್ಸಿನಲ್ಲಿ ಸುಮ್ಮನಿದ್ದ ಮಗುವಿಗೆ ಹದಿಮೂರರಲ್ಲಿ ನಡೆದದ್ದರ ಅರ್ಥ ಹೊಸದಾಗಿ ಹೊಳೆಯಬಹುದು ಅಂತ ತಿಳಿಸಿ. ಯಾರನ್ನು ಕೇಳಬೇಕು, ಯಾವ ನಂಬರ್ ಅಂತ ಹಾಳೆಯ ಮೇಲಿರಲಿ. ಆ ಹಾಳೆ ಮನೆಯಲ್ಲಿ ಯಾರ ಕೈಗೆ ಸಿಗಬಾರದೋ ಅವರಿಗೆ ಸಿಕ್ಕಿದರೆ ಏನಾಗುತ್ತದೆ ಅನ್ನುವುದನ್ನೂ ಮೊದಲೇ ಯೋಚಿಸಿ. ನಿಮ್ಮ ಫೈಲಿನಲ್ಲೂ ಒಂದು ಪುಟ ಬರೆದಿಡಿ: ಈ ಮಗುವಿಗೆ ಯಾವ ಆಟ ಇಷ್ಟ, ಯಾವ ಪ್ರಶ್ನೆಗೆ ಕೆಂಪು ಕಾರ್ಡ್ ಬಂತು, ಮನೆಯಲ್ಲಿ ಯಾರ ಮಾತು ನಡೆಯುತ್ತದೆ, ಯಾವ ಹೊತ್ತಿನಲ್ಲಿ ಫೋನ್ ಎತ್ತುತ್ತಾರೆ. ಆರು ವರ್ಷದ ಮೇಲೆ ಅವರು ಬಂದಾಗ ಆ ಕುರ್ಚಿಯಲ್ಲಿ ನೀವಿಲ್ಲದಿರಬಹುದು. ಹೊಸಬರು ಮತ್ತೆ ಮೊದಲಿಂದ ಎಲ್ಲವನ್ನೂ ಕೇಳುವಂತಾಗಬಾರದು.